ನಾಮಪತ್ರದ ದಿನ ನಾನು ಹೇಳದ ಮಾತು

ಪಂಚಾಯತಿಯದಾಗಲಿ, ವಿಧಾನಸಭೆಯದಾಗಲಿ, ಚುನಾವಣೆಯ ದಿನ ಗೊತ್ತಾದ ವಾರದಲ್ಲೇ ನನಗೆ ಫೋನ್ ಬರಲು ಶುರುವಾಗುತ್ತದೆ. ಸೈದಾಪುರದ ಕಡೆಯವರು, ಶಹಾಪುರದವರು, ಹುಣಸಗಿಯವರು. ಎಲ್ಲರೂ ಈಚೆಗೆ ಸೇವೆಗೆ ಸೇರಿದ ಕಿರಿಯ ಸಭಾಪಾಲಕರು. ಪ್ರಶ್ನೆ ಒಂದೇ: "ಅಯ್ನೋರ, ಈ ಸಲ ನಮ್ಮ ಮಂದಿಗೆ ಏನ್ ಹೇಳಬೇಕ್ರಿ?"

ಮೊದಲೆಲ್ಲ ಉತ್ತರ ಕೊಡುತ್ತಿದ್ದೆ. ಈಗ "ನಿಮ್ಮ ಮಂದಿನ್ನ ಕೇಳ್ರಿ" ಎಂದು ಫೋನ್ ಇಟ್ಟುಬಿಡುತ್ತೇನೆ. ಮುದುಕನಿಗೆ ಸಿಡುಕು ಹೆಚ್ಚಾಗಿದೆ ಅಂದುಕೊಳ್ಳುತ್ತಾರೇನೋ. ಸಿಡುಕು ಇರುವುದು ನಿಜ, ಆದರೆ ಅವರ ಮೇಲಲ್ಲ. ಯಾರ ಮೇಲೆ ಎಂಬುದನ್ನು ಇಲ್ಲಿ ಬರೆದಿಡುತ್ತೇನೆ. ಮೂವತ್ಮೂರು ವರ್ಷ ಯಾದಗಿರಿ, ಶಹಾಪುರ, ಸುರಪುರದ ಸಭೆಗಳಲ್ಲಿ ಪಾದ್ರಿಯಾಗಿ ದುಡಿದೆ. ಎಲ್ಲಿ ಚರ್ಚು ಕಟ್ಟಿಸಿದೆ, ಎಲ್ಲಿ ಶಾಲು ಹೊದಿಸಿದರು ಎಂಬ ಸಂಗತಿಗಳನ್ನು ನನ್ನ ಬೀಳ್ಕೊಡುಗೆಯ ದಿನ ಬೇರೆಯವರು ಸಾಕಷ್ಟು ಹೇಳಿದ್ದಾರೆ. ಹೇಳದೆ ಬಿಟ್ಟದ್ದನ್ನು ನಾನೇ ಹೇಳಬೇಕು.

ನನ್ನ ಮೊದಲ ಸಭೆ ಹುಣಸಗಿ ಕಡೆಯ ಒಂದು ಕಾಲುವೆ ಊರು. ಕೇರಿಯ ನಡುವೆ ತಗಡಿನ ಮಾಡಿನ ಚರ್ಚು, ನೆಲಕ್ಕೆ ಫರ್ಸಿ ಕಲ್ಲು. ಒಂದು ಭಾನುವಾರ ಆರಾಧನೆ ಅರ್ಧಕ್ಕೆ ಬಂದಾಗ ವಿಧಾನಸಭೆಗೆ ನಿಂತಿದ್ದ ಅಭ್ಯರ್ಥಿಯೊಬ್ಬರು ಒಳಗೆ ಬಂದರು. ಹಿಂದೆ ಹತ್ತು ಹದಿನೈದು ಜನ, ಒಬ್ಬನ ಹೆಗಲ ಮೇಲೆ ಚರ್ಚಿಗೆ ಕಾಣಿಕೆ ಎಂದು ತಂದ ಮೈಕ್ ಸೆಟ್. ನನಗಾಗ ಇಪ್ಪತ್ತೇಳು ವಯಸ್ಸು. ಅಂಥ ದೊಡ್ಡ ಮನುಷ್ಯ ನನ್ನೆದುರು ಕೈ ಮುಗಿದದ್ದು ಅದೇ ಮೊದಲು. ಸಭೆಯ ಹಿತ, ಊರಿನ ಹಿತ ಎಂದು ಆಮೇಲೆ ನೂರು ಕಾರಣ ಕೊಟ್ಟುಕೊಂಡೆ. ಆ ಕೈ ಮುಗಿದದ್ದು ನನಗೆ ಹಿಡಿಸಿತ್ತು, ಅಷ್ಟೇ ಕಾರಣ. ಅವರನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದೆ. ಅವರು ಫರ್ಸಿಯ ಮೇಲೆ ಮೊಣಕಾಲೂರಿದರು. ತಲೆಯ ಮೇಲೆ ಕೈ ಇಟ್ಟು, ಇವರಿಗೆ ಜಯ ಕೊಡು ಕರ್ತನೇ ಎಂದು ಎಲ್ಲರೆದುರು ಪ್ರಾರ್ಥಿಸಿದೆ. ಜೊತೆಗೆ ಬಂದವರು ಫೋಟೊ ತೆಗೆದುಕೊಂಡರು.

ಅವರು ಸೋತರು. ಎಣಿಕೆ ನಡೆಯುವುದು ಬೂತ್‌ವಾರು. ನಮ್ಮ ಕೇರಿಯ ಶಾಲೆಯಲ್ಲಿದ್ದ ಬೂತಿಗೆ ನಮ್ಮ ಜನ ಬಿಟ್ಟರೆ ಇನ್ನಾರೂ ಇರಲಿಲ್ಲ. ಗೆದ್ದವರ ಕಡೆಯವರಿಗೆ ನಾವು ಯಾರಿಗೆ ಹಾಕಿದೆವು ಎಂದು ಬಾಯಿ ಬಿಟ್ಟು ಯಾರೂ ಹೇಳಬೇಕಾಗಲಿಲ್ಲ, ಎಣಿಕೆಯ ಹಾಳೆಯೇ ಹೇಳಿತು. ಮುಂದಿನ ಬೇಸಿಗೆಯಲ್ಲಿ ಕೇರಿಯ ಕೊಳವೆಬಾವಿಯ ಮೋಟಾರು ಸುಟ್ಟಿತು. ರಿಪೇರಿಗೆ ಯಾರೂ ಬರಲಿಲ್ಲ. ನಾನು ಅರ್ಜಿ ಹಿಡಿದು ಅಲೆದೆ. ಹೆಂಗಸರು ಕಾಲುವೆಯಿಂದ ಕೊಡ ಹೊತ್ತರು. ನನಗೆ ಶಹಾಪುರಕ್ಕೆ ವರ್ಗವಾಗುವವರೆಗೂ ಹೊತ್ತರು.

ಟೆಂಪೊಗೆ ಸಾಮಾನು ಏರಿಸುತ್ತಿದ್ದ ದಿನ ಸುಂದ್ರಮ್ಮ ಎಂಬ ವಯಸ್ಸಾದ ಹೆಂಗಸು ಬಂದಳು. ಕೈಯಲ್ಲಿ ದಾರಿಗೆಂದು ಕಟ್ಟಿದ ರೊಟ್ಟಿ, ಶೇಂಗಾ ಚಟ್ನಿ. ಬುತ್ತಿ ನನ್ನ ಕೈಗಿಟ್ಟು ಹೇಳಿದಳು: "ಅಯ್ನೋರ, ನೀವು ಕೈ ಇಟ್ಟದ್ದು ಅವನ ತಲಿ ಮ್ಯಾಲ. ಪೆಟ್ಟು ಬಿದ್ದದ್ದು ನಮ್ಮ ತಲಿ ಮ್ಯಾಲ. ಈಗ ನೀವು ಹೊಂಟ್ರಿ."

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಪಾದ್ರಿಗೆ ವರ್ಗ ಆಗುತ್ತದೆ, ಸಭೆಗೆ ಆಗುವುದಿಲ್ಲ. ಸೇವೆಗೆ ಬರುವ ಹುಡುಗರಿಗೆ ತರಬೇತಿಯಲ್ಲಿ ಈ ಒಂದು ಮಾತನ್ನು ಯಾರೂ ಕಲಿಸುವುದಿಲ್ಲ.

ಶಹಾಪುರದಲ್ಲಿ ಮಾಡಿದ ತಪ್ಪು ಇನ್ನೊಂದು ಬಗೆಯದು. ಅಲ್ಲಿ ನಮ್ಮವರಿಗೆ ಹೆಣ ಹೂಳಲು ಜಾಗವಿರಲಿಲ್ಲ. ಯಾರಾದರೂ ತೀರಿಕೊಂಡರೆ ಅಳುವುದಕ್ಕೆ ಮೊದಲು ಮನೆಯವರು ಜಾಗ ಹುಡುಕಬೇಕು. ಆ ಸಲದ ಚುನಾವಣೆಗೆ ಮುಂಚೆ ನಮ್ಮ ಮೇಲ್ವಿಚಾರಕರು ಈ ಭಾಗದ ಪಾದ್ರಿಗಳನ್ನೆಲ್ಲ ಯಾದಗಿರಿಗೆ ಕರೆಸಿಕೊಂಡರು. ಎತ್ತರದ ಆಳು, ದೊಡ್ಡ ದನಿ, ಎದುರು ಮಾತಾಡಿದವರನ್ನು ಮೂಲೆಯ ಊರಿಗೆ ಕಳಿಸುವ ಅಧಿಕಾರ. ಊಟವಾದ ಮೇಲೆ ಬಾಗಿಲು ಮುಚ್ಚಿಸಿ ಒಬ್ಬ ಅಭ್ಯರ್ಥಿಯ ಹೆಸರು ಹೇಳಿದರು. "ಸ್ಮಶಾನಕ್ಕ ಜಾಗ ಕೊಡ್ತೀನಿ ಅಂದಾರ. ನೀವು ಹೆಸರು ಹೇಳಬ್ಯಾಡ್ರಿ. ಆದ್ರ ಮಂದಿಗೆ ತಿಳೀಬೇಕು, ಹಂಗ ಪ್ರಾರ್ಥನಿ ಮಾಡ್ರಿ."

ಹೆಸರು ಹೇಳದೆ ಜನರಿಗೆ ತಿಳಿಯುವ ಹಾಗೆ ಪ್ರಾರ್ಥಿಸುವುದು ಹೇಗೆಂದು ನಾವು ಯಾರೂ ಕೇಳಲಿಲ್ಲ. ಎಲ್ಲರಿಗೂ ಬರುತ್ತಿತ್ತು.

ಭಾನುವಾರ ಪ್ರಸಂಗದ ಕೊನೆಗೆ ನಾನು ಹಾಗೇ ಮಾಡಿದೆ. ಸತ್ತವರಿಗೆ ಆರಡಿ ನೆಲ ಕೊಡುವವರನ್ನು ಬಲಪಡಿಸು ಎಂದು ಬೇಡಿದೆ. ಆಮೆನ್ ಹೇಳುವ ಮೊದಲೇ ದೇವಪುತ್ರ ಮಾಸ್ತರರು ಎದ್ದು ನಿಂತರು. ಸರ್ಕಾರಿ ಶಾಲೆಯಿಂದ ನಿವೃತ್ತರಾದವರು, ಎಷ್ಟೋ ಚುನಾವಣೆಗಳಲ್ಲಿ ಮತಗಟ್ಟೆಯ ಕೆಲಸ ಮಾಡಿದವರು.

"ಅಯ್ನೋರ, ಒಂದು ಮಾತು. ಬೂತಿನಾಗ ವೋಟ್ ಒತ್ತೋದಕ್ಕ ರಟ್ಟು ಅಡ್ಡ ಇಟ್ಟಿರ್ತೀವಿ. ಅದರ ಹಿಂದ ಒಬ್ಬರಿಗಷ್ಟೇ ಜಾಗ ಅದ. ಗಂಡ ಹೆಂಡತಿ ಕೂಡಿ ಬಂದ್ರೂ ನಾ ಬಿಡ್ತಿರಲಿಲ್ಲ. ನೀವು ಎಲ್ಲಾರ ಜೋಡಿ ಒಳಗ ಬರಾಕತ್ತೀರಲ್ಲ?"

ಯಾರೋ ಸಣ್ಣಗೆ ನಕ್ಕರು. ನನ್ನ ಮುಖ ಬಿಸಿಯಾಯಿತು. "ಇದು ಆರಾಧನಿ ವ್ಯಾಳ್ಯಾ, ಮಾಸ್ತರ. ಕೂಡ್ರಿ" ಎಂದೆ.

"ಅದನ್ನೇ ನಾನೂ ಹೇಳಾಕತ್ತೀನ್ರಿ" ಎಂದು ಅವರು ಕೂತರು. ಮುಂದಿನ ಭಾನುವಾರದಿಂದ ಹಿಂದಿನ ಸಾಲಿಗೆ ಹೋದರು. ನನ್ನೊಡನೆ ಮಾತು ಕಡಿಮೆ ಮಾಡಿದರು.

ಆ ಅಭ್ಯರ್ಥಿ ಗೆದ್ದರು. ಅಡಿಗಲ್ಲಿನ ಸಮಾರಂಭವಾಯಿತು, ನಾನೇ ಪ್ರಾರ್ಥನೆ ಮಾಡಿದೆ. ಆ ಜಾಗಕ್ಕೆ ಬೇರೆ ಯಾರದೋ ಹಕ್ಕಿನ ತಕರಾರಿದೆ ಎಂದು ಆಮೇಲೆ ತಿಳಿಯಿತು. ಗೆದ್ದ ಆ ಮನುಷ್ಯರಿಗೆ ಅದು ಮೊದಲೇ ಗೊತ್ತಿತ್ತು. ಮುಂದಿನ ಚುನಾವಣೆಗೆ ಇನ್ನೊಂದು ಪಕ್ಷದವರು ಬಂದು ಅದೇ ಜಾಗವನ್ನು ಇನ್ನೊಮ್ಮೆ ಕೊಡುತ್ತೇವೆಂದರು. ಅಷ್ಟರಲ್ಲಿ ದೇವಪುತ್ರ ಮಾಸ್ತರರು ತೀರಿಕೊಂಡಿದ್ದರು. ಸಂಬಂಧಿಕರೊಬ್ಬರ ತೊಗರಿ ಹೊಲದ ಬದುವಿನಲ್ಲಿ, ಬೇಡಿಕೊಂಡು ಪಡೆದ ಜಾಗದಲ್ಲಿ ಅವರನ್ನು ಹೂತೆವು. ಮಣ್ಣು ಹಾಕುವಾಗ ಅವರ ಮಗ ನನ್ನ ಕಡೆ ಒಮ್ಮೆ ನೋಡಿ ಮುಖ ತಿರುಗಿಸಿದ.

ಈಗ ಬಾಗಿಲು ಮುಚ್ಚುವ ಕಷ್ಟವಿಲ್ಲ. ಪಾದ್ರಿಗಳದೇ ಒಂದು ವಾಟ್ಸಪ್ ಗುಂಪು, ಅದನ್ನು ಮಾಡಿದವನು ಅಭ್ಯರ್ಥಿಯ ಕಡೆಯವನು. ಶಿಲುಬೆಯ ಪಕ್ಕದಲ್ಲಿ ಅವನ ಯಜಮಾನನ ಫೋಟೊ, ಕೆಳಗೆ ಒಂದು ವಚನ. ಇನ್ನೊಂದು ಗುಂಪಿನಲ್ಲಿ ಹೆದರಿಸುವ ವಿಡಿಯೊ: ಇವರು ಬಂದರೆ ನಿಮ್ಮ ಚರ್ಚು ಉಳಿಯದು, ಅವರು ಬಂದರೆ ನಿಮ್ಮ ಮಕ್ಕಳು ಉಳಿಯರು. ಮೊದಲು ನಮ್ಮನ್ನು ಆಸೆ ತೋರಿಸಿ ಕೊಳ್ಳುತ್ತಿದ್ದರು. ಈಗ ಭಯಕ್ಕೆ ನಾವೇ ಪುಕ್ಕಟೆ ಹೋಗುತ್ತೇವೆ.

ಶಹಾಪುರದ ಅವಮಾನದ ಮೇಲೆ ನಾನು ಪೂರ್ತಿ ಇನ್ನೊಂದು ದಂಡೆಗೆ ಹೋಗಿ ನಿಂತೆ. ರಾಜಕೀಯ ಹೊಲಸು, ನಮ್ಮ ಊರು ಮೇಲೆ ಪರಲೋಕದಲ್ಲಿದೆ, ನಾವು ಅದರ ದಾರಿ ನೋಡಿಕೊಂಡು ಹೋಗೋಣ ಎಂದು ವರ್ಷಗಟ್ಟಲೆ ಬೋಧಿಸಿದೆ. ಈ ಬೋಧನೆಗೆ ಯಾರ ವಿರೋಧವೂ ಇರುವುದಿಲ್ಲ. ಊರ ಗೌಡರೂ ಮೆಚ್ಚುತ್ತಾರೆ.

ಸುರಪುರ ತಾಲೂಕಿನ ಒಂದು ಊರಿಗೆ ನನಗೆ ಕೊನೆಯ ವರ್ಗವಾಯಿತು. ಅಲ್ಲಿ ಹಣಮವ್ವ ಎಂಬವಳಿದ್ದಳು. ನಲವತ್ತು ದಾಟಿದ ವಯಸ್ಸು, ಕೂಲಿ ಕೆಲಸ, ಹೆಂಗಸರ ಸ್ವಸಹಾಯ ಸಂಘದ ಮುಂದಾಳು. ಅವಳ ಹೊಲಮನೆ ಕಾಗದಗಳಲ್ಲೆಲ್ಲ ಹೆಸರು ಹಣಮವ್ವ. ಮದುವೆಯಾಗಿ ಬಂದ ಮೇಲೆ ಗಂಡನ ಜೊತೆ ದೀಕ್ಷಾಸ್ನಾನ ತೆಗೆದುಕೊಂಡಿದ್ದಳು. ಚರ್ಚಿನ ರಿಜಿಸ್ಟರಿನಲ್ಲಿ ನನಗಿಂತ ಹಿಂದಿನ ಪಾದ್ರಿಯ ಕೈಬರಹದಲ್ಲಿ ಅವಳು ಹನ್ನಾ. ಎದುರಿಗೆ ಅವಳ ರುಜು. ನಮ್ಮ ಸಭೆಯಲ್ಲಿ ಬಹಳ ಜನರಿಗೆ ಹೀಗೆ ಎರಡು ಹೆಸರು. ಊರಿಗೂ ಗೊತ್ತು, ಕಚೇರಿಗೂ ಗೊತ್ತು. ಯಾರೂ ಕೇಳುವುದಿಲ್ಲ, ಕೇಳಬೇಕಾದ ದಿನ ಬರುವವರೆಗೆ.

ಒಂದು ಭಾನುವಾರ ಮೇಲಿನ ಊರಿನ ಪ್ರಸಂಗ ಮುಗಿಸಿ ಹೊರಗೆ ಬಂದೆ. ಚಪ್ಪಲಿ ಮೆಟ್ಟಿಕೊಳ್ಳುತ್ತಾ ಹಣಮವ್ವ ಕೇಳಿದಳು: "ಮ್ಯಾಲಿನ ಊರಿಗೆ ಹೋಗೂತನ ಕೆಳಗಿನ ಊರಾಗ ನೀರು ಬ್ಯಾಡೇನ್ರಿ, ಅಯ್ನೋರ? ನಮ್ಮ ಕೇರಿಗೆ ಪೈಪ್ ಬಂದಿಲ್ಲ. ಉದ್ಯೋಗ ಖಾತ್ರಿ ಕೆಲಸ ನಮ್ಮ ಹೆಸರಿಲೆ ಆಗತೈತಿ, ಜೆಸಿಬಿ ಮಾಡತೈತಿ. ನೀವು ಹೊಲಸು ಅಂತ ದೂರ ನಿಂತ್ರ ಅದು ಸ್ವಚ್ಛ ಆಗತೈತೇನು?"

ಆ ಮಾತು ನನ್ನನ್ನು ಬಿಡಲಿಲ್ಲ. ಓದಿದೆ, ಯೋಚಿಸಿದೆ, ಕೊನೆಗೆ ಪ್ರಸಂಗ ಬದಲಿಸಿದೆ. ಯಾರಿಗೆ ವೋಟು ಹಾಕಬೇಕೆಂದು ಹೇಳುವ ಕೆಲಸ ನನ್ನದಲ್ಲ, ಆದರೆ ನೆರೆಯವನ ಬಾಯಾರಿಕೆ ನಿನ್ನ ಕೆಲಸ, ಅದಕ್ಕೆ ಪಂಚಾಯತಿಯ ಮೆಟ್ಟಿಲು ಹತ್ತಬೇಕಾದರೆ ಹತ್ತು ಎಂದೆ. ಈಗಲೂ ಅದು ಸರಿಯಾದ ಮಾತೆಂದೇ ನಂಬಿದ್ದೇನೆ. ಆ ವರ್ಷ ನಮ್ಮ ವಾರ್ಡು ಪರಿಶಿಷ್ಟ ಜಾತಿಯ ಮಹಿಳೆಗೆ ಮೀಸಲಾಯಿತು. ಹಣಮವ್ವ ಬಂದು, "ನೀವು ಹೇಳಿದ್ದು ನನಗ ಹೇಳಿದಂಗ ಆತ್ರಿ. ನಾ ನಿಲ್ತೀನಿ" ಎಂದಳು.

ನಾಮಪತ್ರ ಸಲ್ಲಿಸುವ ದಿನ ಬೆಳಿಗ್ಗೆ ನನ್ನ ಮನೆಯ ಪಡಸಾಲೆಯಲ್ಲಿ ಕೂತು ಅರ್ಜಿ ತುಂಬಿದೆವು. ಜಾತಿ ಪ್ರಮಾಣಪತ್ರ ಅವಳ ಬಳಿ ಹಳೆಯದಿತ್ತು. ಅದರಲ್ಲಿ ಹಿಂದೂ ಎಂದಿತ್ತು. ಅವಳು ಅದನ್ನು ನಿಧಾನ ಓದಿ, ತಲೆ ಎತ್ತಿ ನನ್ನನ್ನು ಕೇಳಿದಳು: "ಅಯ್ನೋರ, ಇದರಿಂದ ಮುಂದ ಏನೂ ತೊಂದ್ರಿ ಬರಂಗಿಲ್ಲಲ್ಲ?"

ನನಗೆ ಕಾನೂನು ಗೊತ್ತಿತ್ತು. ಕ್ರೈಸ್ತರಾದವರಿಗೆ ಪರಿಶಿಷ್ಟ ಜಾತಿಯ ಮೀಸಲಾತಿ ಸಿಗದು. ಯಾರಾದರೂ ದೂರು ಕೊಟ್ಟರೆ ನನ್ನ ಕಪಾಟಿನಲ್ಲಿರುವ ರಿಜಿಸ್ಟರೇ ಸಾಕ್ಷಿ. ಪಕ್ಕದಲ್ಲೊಂದು ಸಾಮಾನ್ಯ ವಾರ್ಡಿತ್ತು. ಅಲ್ಲಿ ನಿಂತಿದ್ದರೆ ಸೋಲುತ್ತಿದ್ದಳು, ಆದರೆ ಸೋತು ಮನೆಗೆ ಬರುತ್ತಿದ್ದಳು. ಇದನ್ನೆಲ್ಲ ಹೇಳಲು ಐದು ನಿಮಿಷ ಸಾಕಾಗಿತ್ತು. ಹೇಳಿದರೆ ಅವಳು ಹಿಂದೆ ಸರಿಯುತ್ತಾಳೇನೋ, ನನ್ನ ಪ್ರಸಂಗದ ಫಲ ಕೈ ಜಾರುತ್ತದೇನೋ ಎಂಬ ಅಂಜಿಕೆ ನನಗೆ.

"ಎಲ್ಲಾರೂ ಹಿಂಗ ಮಾಡ್ತಾರ. ಸರ್ಕಾರ ಕೊಟ್ಟ ಕಾಗದ ಐತಲ್ಲ. ರುಜು ಹಾಕು" ಎಂದೆ.

ಹಾಕಿದಳು. ಗೆದ್ದಳು.

ಅವಳು ಸದಸ್ಯೆಯಾಗಿದ್ದ ಕಾಲ ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು. ಅಷ್ಟರಲ್ಲಿ ಕೇರಿಗೆ ಪೈಪ್ ಬಂತು. ಖಾತ್ರಿ ಕೆಲಸದ ಹಾಜರಿ ಪಟ್ಟಿಯನ್ನು ವಾರ್ಡ್ ಸಭೆಯಲ್ಲಿ ನಿಂತು ಗಟ್ಟಿಯಾಗಿ ಓದಿಸಿದಳು. ಸತ್ತವರ ಹೆಸರು ಬಂದಾಗ ಜನ ನಕ್ಕರು, ಆಮೇಲೆ ಸುಮ್ಮನಾದರು. ಕೆರೆಯ ಹೂಳು ತೆಗೆಯಲು ಜೆಸಿಬಿ ಬಂದ ದಿನ ಸಂಘದ ಹೆಂಗಸರನ್ನು ಕರೆದುಕೊಂಡು ಹೋಗಿ ಅದರ ಮುಂದೆ ಕೂತಳು. ಯಂತ್ರ ವಾಪಸ್ ಹೋಯಿತು, ಸಲಿಕೆ ಬುಟ್ಟಿ ಬಂದವು. ಆ ಜೆಸಿಬಿ ಊರಿನ ಗುತ್ತೇದಾರನದು. ಹಣಮವ್ವನ ಎದುರು ಸೋತ ಹೆಂಗಸನ್ನು ನಿಲ್ಲಿಸಿದ್ದವನೂ ಅವನೇ.

ಅವನೇ ದೂರು ಬರೆಸಿದ. ದೀಕ್ಷಾಸ್ನಾನದ ರಿಜಿಸ್ಟರಿನೊಂದಿಗೆ ವಿಚಾರಣೆಗೆ ಹಾಜರಾಗಬೇಕೆಂದು ನನಗೆ ನೋಟಿಸು ಬಂತು.

ಮೇಲ್ವಿಚಾರಕರಿಗೆ ಫೋನ್ ಮಾಡಿದೆ. ಸ್ಮಶಾನದ ಪ್ರಾರ್ಥನೆ ಹೇಳಿಕೊಟ್ಟ ಅದೇ ಮನುಷ್ಯ. "ನಿಮಗ ಯಾರು ರಾಜಕೀಯ ಮಾಡ್ರಿ ಅಂದಾರ?" ಎಂದು ಗದರಿದರು. "ಸಭಿಗೂ ರಾಜಕೀಯಕ್ಕೂ ಸಂಬಂಧ ಇಲ್ಲ. ಹೋಗಿ ರಿಜಿಸ್ಟರ್ ತೋರಿಸಿ ಕೈ ತೊಳಕೊಂಡು ಬರ್ರಿ."

ವಿಚಾರಣೆಯ ಹಿಂದಿನ ದಿನ ಮಧ್ಯಾಹ್ನ ಹಣಮವ್ವ ಚರ್ಚಿಗೆ ಬಂದಳು. ಹತ್ತಿ ಬಿಡಿಸಿ ಬಂದಿದ್ದಳು, ಸೆರಗಿನ ತುಂಬ ಹತ್ತಿಯ ಎಳೆ. ನಾನು ಎರಡು ದಿನದಿಂದ ಅಣಿ ಮಾಡಿಕೊಂಡಿದ್ದ ಮಾತನ್ನು ಹೇಳಿದೆ.

"ಹಣಮವ್ವ, ಕೇಳಿದ್ರ ನಾ ಸುಳ್ಳು ಹೇಳಲಾರೆ. ನಾ ದೇವರ ಸೇವಕ."

ಅವಳು ಬೆಂಚಿನ ಮೇಲೆ ಕೂತಳು. "ಸುಳ್ಳು ಹೇಳ್ರಿ ಅನ್ನಾಕ ನಾ ಬಂದಿಲ್ರಿ" ಎಂದಳು. "ಒಂದ್ ಮಾತು ಕೇಳಾಕ ಬಂದೀನಿ. ಅರ್ಜಿ ತುಂಬಿದ ದಿನ ಈ ಖರೇ ಎಲ್ಲಿಟ್ಟಿದ್ರಿ, ಅಯ್ನೋರ? ಅವತ್ತು ಕೇಳಿದೆನಲ್ರಿ ನಾ."

ಅವಳು ಎದ್ದು ಸೆರಗು ಝಾಡಿಸಿ ಹೋದಳು.

ಮರುದಿನ ಸುರಪುರದ ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತು ಹೋದೆವು. ವಿಚಾರಣೆ ನಡೆಸಿದ ಅಧಿಕಾರಿ ಕೆಟ್ಟವರಲ್ಲ. ರಿಜಿಸ್ಟರಿನ ಹಾಳೆ ತಿರುಗಿಸಿ, ಬೆರಳಿಟ್ಟು, "ಹನ್ನಾ ಅಂತ ಬರೆದದ್ದು ಇವರದೇ ಹೆಸರಾ?" ಎಂದು ನನ್ನನ್ನು ಕೇಳಿದರು.

"ಹೌದ್ರಿ" ಎಂದೆ.

ಅವರು ಅವಳ ಕಡೆ ತಿರುಗಿದರು. "ಏನಮ್ಮಾ, ನೀವು ಕ್ರಿಶ್ಚನ್ನರೇನು?"

"ಆದಿತ್ಯವಾರ ಹೌದ್ರಿ ಸಾಹೇಬ್ರ" ಎಂದಳು ಹಣಮವ್ವ. "ಉಳಿದ ಆರು ದಿನ ಊರ ಮಂದಿ ನನ್ನ ಏನಂತ ಕರೀತಾರ, ಅದನ್ನೂ ಬರಕೋರಿ. ಚಾದಂಗಡ್ಯಾಗ ನನಗ ಬ್ಯಾರೆ ಕಪ್ಪು ಇಟ್ಟವರು ಈ ರಿಜಿಸ್ಟರ್ ನೋಡಿ ಇಟ್ಟಾರೇನ್ರಿ?"

ಅಧಿಕಾರಿ ಪೆನ್ನು ಕೆಳಗಿಟ್ಟರು. "ಕಾನೂನು ಹಿಂಗ ಐತಮ್ಮ" ಎಂದರು. ಆಮೇಲೆ ಪೆನ್ನು ಎತ್ತಿಕೊಂಡು ನನ್ನ ಮಾತನ್ನು ಬರೆದುಕೊಂಡರು. ಅವಳದನ್ನು ಬರೆದುಕೊಳ್ಳಲಿಲ್ಲ. ಗುತ್ತೇದಾರ ಹೊರಗೆ ನನಗಾಗಿ ಕಾದಿದ್ದ. ಕೈ ಮುಗಿದು, "ಪಾದ್ರಿ ಅಂದ್ರ ಹಿಂಗ ಇರಬೇಕ್ರಿ" ಎಂದ. ಅವನ ಆ ಹೊಗಳಿಕೆಯೊಂದನ್ನು ನಾನು ಯಾವ ಬೀಳ್ಕೊಡುಗೆಯಲ್ಲೂ ಹೇಳಿಕೊಳ್ಳಲಾರೆ.

ಪ್ರಮಾಣಪತ್ರ ರದ್ದಾಯಿತು, ಸದಸ್ಯತ್ವವೂ ಹೋಯಿತು. ಮರುಚುನಾವಣೆಯಲ್ಲಿ ಗುತ್ತೇದಾರನ ಕಡೆಯ ಹೆಂಗಸು ಬಂದಳು. ಕೆರೆಗೆ ಜೆಸಿಬಿ ಮರಳಿತು.

ಅಷ್ಟಕ್ಕೇ ನಿಂತಿದ್ದರೆ ಹೇಗೋ ಆಗುತ್ತಿತ್ತು. ಹೆದರಿಕೆ ಮನೆಯಿಂದ ಮನೆಗೆ ಹೋಯಿತು. ಹಾಸ್ಟೆಲಿನಲ್ಲಿ ಮಗಳಿರುವವರು, ಸ್ಕಾಲರ್‌ಶಿಪ್ಪಿನಲ್ಲಿ ಮಗ ಓದುತ್ತಿರುವವರು ಒಬ್ಬೊಬ್ಬರಾಗಿ ನನ್ನ ಪಡಸಾಲೆಗೆ ಬಂದು ತಲೆ ತಗ್ಗಿಸಿ ಕೂತರು. "ನಮ್ಮ ಹೆಸರಿನ ಮ್ಯಾಲ ಒಂದ್ ಗೀಟು ಹಾಕ್ರಿ ಅಯ್ನೋರ. ನಂಬಿಕಿ ಎದ್ಯಾಗ ಇರತೈತಿ." ದೇವರ ಪುಸ್ತಕದಿಂದ ಹೆಸರು ಅಳಿಸುವ ಅಧಿಕಾರ ನನಗಿಲ್ಲ ಎಂದು ಹೇಳಿದೆ. ಅದು ದೇವರ ಪುಸ್ತಕವಲ್ಲ, ಕಚೇರಿಗೆ ನಾನು ಹೊತ್ತು ಕೊಟ್ಟ ಪುಸ್ತಕ ಎಂದು ಅವರಿಗೂ ಗೊತ್ತಿತ್ತು. ಚರ್ಚಿನ ಬೆಂಚುಗಳು ಖಾಲಿಯಾಗತೊಡಗಿದವು.

ಹಣಮವ್ವ ಮಾತ್ರ ಬರುವುದನ್ನು ನಿಲ್ಲಿಸಲಿಲ್ಲ. ಒಂದು ಭಾನುವಾರ ಎಲ್ಲರೂ ಹೋದ ಮೇಲೆ ಮೊಮ್ಮಗಳನ್ನು ಎತ್ತಿಕೊಂಡು ಮುಂದೆ ಬಂದಳು. ಕೂಸಿಗೆ ಐದಾರು ತಿಂಗಳು. ನಾನು ತಂಬಿಗೆಯಲ್ಲಿ ನೀರು ತಂದೆ. ಅಭ್ಯಾಸಬಲದಿಂದ ರಿಜಿಸ್ಟರನ್ನೂ ಕಪಾಟಿನಿಂದ ತೆಗೆದೆ. ಅವಳು ಅದರ ಮೇಲೆ ಕೈ ಇಟ್ಟಳು.

"ನೀರು ಹಾಕ್ರಿ. ಹೆಸರು ಬರೀಬ್ಯಾಡ್ರಿ."

ನೀರು ಹಾಕಿದೆ. ಬರೆಯಲಿಲ್ಲ. ಆಮೇಲೆ ಉಳಿದವರೂ ಹಾಗೇ ಬರತೊಡಗಿದರು, ಒಬ್ಬರಾದ ಮೇಲೆ ಒಬ್ಬರು. ಯಾರ ಹೆಸರನ್ನೂ ನಾನು ಬರೆಯಲಿಲ್ಲ.

ಕ್ರೈಸ್ತರು ರಾಜಕೀಯದಲ್ಲಿ ಹೇಗಿರಬೇಕೆಂದು ಕೇಳುವ ಕಿರಿಯರಿಗೆ ನಾನು ಕೊಡಬಲ್ಲದ್ದು ಇಷ್ಟೇ. ನಿಮ್ಮ ಜನರನ್ನು ಮಾರಬೇಡಿ, ಸ್ಮಶಾನಕ್ಕೂ ಮಾರಬೇಡಿ. ಅವರನ್ನು ದೂರ ಇಡಲೂ ಬೇಡಿ, ಅವರ ಕೇರಿಗೂ ನೀರು ಬೇಕು. ಮುಂದೆ ನಿಲ್ಲು ಎಂದು ಯಾರಿಗಾದರೂ ಹೇಳುವಿರಾದರೆ, ನಿಂತರೆ ಏನಾಗುತ್ತದೆ ಎಂಬುದನ್ನೂ ಅದೇ ಬಾಯಿಂದ ಅದೇ ದಿನ ಹೇಳಿ. ನಾನು ಅಧಿಕಾರಿಯ ಮುಂದೆ ನಿಜ ಹೇಳಿದೆ, ಅದರ ಬೆಲೆ ಪೂರ್ತಿ ಹಣಮವ್ವ ಕೊಟ್ಟಳು. ಬೇರೆಯವರ ಮೈಮೇಲೆ ಹೇಳುವ ನಿಜಕ್ಕೆ ಧೈರ್ಯ ಬೇಕಾಗಿಲ್ಲ.

ನಿವೃತ್ತಿಗೆ ಎರಡು ತಿಂಗಳಿದ್ದಾಗ ಮೇಲ್ವಿಚಾರಕರು ದಾಖಲೆಗಳ ತಪಾಸಣೆಗೆ ಬಂದರು. ಚಹಾ ಕುಡಿಯುತ್ತಾ ರಿಜಿಸ್ಟರ್ ತಿರುವಿದರು. ಕೊನೆಯ ಹೆಸರಿನ ಕೆಳಗೆ ಹಾಳೆಯ ಉಳಿದ ಭಾಗ ಖಾಲಿ. ಮುಂದಿನ ಹಾಳೆಯೂ ಖಾಲಿ. ಕನ್ನಡಕ ಮೇಲೆತ್ತಿ ನನ್ನನ್ನು ನೋಡಿದರು.

"ಏನ್ರಿ ಇದು? ಮೂರು ವರ್ಷದಾಗ ಒಬ್ಬರೂ ದೀಕ್ಷಾಸ್ನಾನ ತಗೊಂಡಿಲ್ಲೇನು?"

ಹೊರಗೆ ಅಂಗಳದಲ್ಲಿ ಹಣಮವ್ವನ ಮೊಮ್ಮಗಳು ಬೇರೆ ಮಕ್ಕಳ ಜೊತೆ ಆಡುತ್ತಿದ್ದಳು. ಆ ಮಕ್ಕಳಲ್ಲಿ ನನ್ನ ಕೈಯ ನೀರು ಬೀಳದವರು ಯಾರೂ ಇರಲಿಲ್ಲ.

"ಇಲ್ರಿ" ಎಂದೆ. ಎಷ್ಟು ಸಲೀಸಾಗಿ ಬಾಯಿಗೆ ಬಂತು ಆ ಸುಳ್ಳು. ಆ ಅಧಿಕಾರಿಯ ಮುಂದೆ, ಬರಬೇಕಾದ ದಿನ ಮಾತ್ರ ಬಂದಿರಲಿಲ್ಲ.